ಹನ್ನೆರಡು ಮೊಸರಿನ ಡಬ್ಬಿ, 240 ಹೆಸರುಕಾಳು

ಕಳೆದ ಶನಿವಾರ ಕೊನೆಯ ತರಗತಿ ಮುಗಿಯಿತು. ಮೊಸರಿನ ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ವಿಜ್ಞಾನದ ಬೀರುವಿನ ಕೆಳಗಿನ ಖಾನೆಯಲ್ಲಿ ಜೋಡಿಸಿ ಬಂದೆ. ನೆನಪು ಹಸಿರಾಗಿರುವಾಗಲೇ ಬರೆದಿಡೋಣ ಅನ್ನಿಸಿತು.

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ, ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಒಂಬತ್ತನೇ ತರಗತಿಯ 34 ಮಕ್ಕಳಿಗೆ ಒಂದು ವಿಷಯ ಕೈಯಾರೆ ಮಾಡಿಸಿ ಕಲಿಸಬೇಕು ಅಂತ ಹೊರಟೆ. ಪ್ರಯೋಗವನ್ನು ಹೇಗೆ ಯೋಚಿಸಿ ಹೂಡಬೇಕು, ಬಂದ ಅಂಕಿಗಳನ್ನು ಹೇಗೆ ಓದಬೇಕು ಅನ್ನುವುದೇ ಆ ವಿಷಯ. ಜೂನ್‌ನಲ್ಲಿ ಅರ್ಜಿ ಬರೆದೆ, ನವೆಂಬರ್ ಕೊನೆಗೆ ಮುಗಿಯಿತು. ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಎರಡು ತಿಂಗಳಾದರೂ ಉಳಿಯುತ್ತಿತ್ತು. ನಿಮ್ಮ ಶಾಲೆಯಲ್ಲಿ ಇಂಥದ್ದು ಮಾಡುವ ಮನಸ್ಸಿದ್ದರೆ ಓದಿ.

ಇದಕ್ಕೆಲ್ಲ ಕಾರಣ ಹೋದ ವರ್ಷದ ವಸ್ತುಪ್ರದರ್ಶನ. ನಮ್ಮ ಶಾಲೆಯ ಹುಡುಗಿಯೊಬ್ಬಳು ಜ್ವಾಲಾಮುಖಿ ಮಾದರಿ ಮಾಡಿದ್ದಳು. ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ. ನೋಡಲು ಬಂದ ಒಬ್ಬರು "ಸೋಡಾ ಎರಡರಷ್ಟು ಹಾಕಿದ್ರೆ ನೊರೆನೂ ಎರಡರಷ್ಟು ಬರುತ್ತಾ?" ಅಂತ ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಅವಳು ಅದನ್ನು ಮಾಡಿ ನೋಡಿರಲಿಲ್ಲ. ಮಾಡಿ ನೋಡು ಅಂತ ನಾನೂ ಹೇಳಿರಲಿಲ್ಲ. ಆ ನೋಟ ತಿಂಗಳುಗಟ್ಟಲೆ ನನ್ನನ್ನು ಕಾಡಿತು.

ಮೊದಲು ಅನುಮತಿಯ ವಿಚಾರ ಹೇಳಿಬಿಡುತ್ತೇನೆ. ನಮ್ಮಲ್ಲಿ ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಅದಾದ ಮೇಲೆ ಒಂದೂಕಾಲು ಗಂಟೆ ಮಕ್ಕಳನ್ನು ಉಳಿಸಿಕೊಳ್ಳುವುದು ನನ್ನ ಯೋಜನೆ. ಒಂದೂಕಾಲಿಗೆ ಬಸ್ಸಿದೆ, ಅದು ತಪ್ಪಿದರೆ ಮುಂದಿನದು ಮೂರಕ್ಕೆ. ಮುಖ್ಯ ಶಿಕ್ಷಕರು "ಒಳ್ಳೇದು ಮೇಡಂ, ಆದ್ರೆ ಶಾಲೆ ಬಿಟ್ಟ ಮೇಲೆ ಮಕ್ಕಳು ಇರ್ತಾರೆ, ಮೇಲಿನ ಕಚೇರಿಯಿಂದ ಒಂದು ಕಾಗದ ಇರಲಿ" ಅಂದರು. ಅವರ ಮಾತು ಸರಿಯೇ. ಅರ್ಜಿ ಹಿಡಿದು ಹೋದೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಹೋದಾಗ ಖರ್ಚಿನ ವಿವರದ ಜೊತೆ ಕ್ರಿಯಾ ಯೋಜನೆ ಬೇಕು ಅಂದರು. ಬರೆದುಕೊಂಡು ಮೂರನೇ ಸಲ ಹೋದರೆ ಆ ಕೆಲಸ ನೋಡುವ ವಿಷಯ ನಿರ್ವಾಹಕರೇ ಬದಲಾಗಿದ್ದರು, ಹಳೆಯ ಕಾಗದ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹೀಗೆ ಐದು ವಾರ ಹೋಯಿತು. ಪ್ರತಿ ಸಲವೂ ಅರ್ಧ ದಿನ ರಜೆ, ಬಸ್ಸು, ಕಾಯುವುದು. ಮೂರನೇ ಸಲ ವಾಪಸ್ ಬರುವಾಗ, ಬೇಡ ಬಿಡು, ಪಾಠ ಮಾಡಿಕೊಂಡಿರೋಣ ಅನ್ನಿಸಿಬಿಟ್ಟಿತ್ತು.

ದಾರಿ ತೋರಿಸಿದವರು ನಮ್ಮ ಶಾಲೆಯ ಹಿರಿಯ ಕನ್ನಡ ಮೇಷ್ಟ್ರು. "ವಿಜ್ಞಾನ ಸಂಘ ಅಂತ ಇದೆಯಲ್ಲಮ್ಮ, ಅದರ ಚಟುವಟಿಕೆ ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸು" ಅಂದರು. ಅದೇ ದಿನ ಮುಖ್ಯ ಶಿಕ್ಷಕರು ಸಹಿ ಹಾಕಿದರು. ಹಾಗಾಗಿ ಹೊಸ ಹೆಸರಿನಲ್ಲಿ ಕಾರ್ಯಕ್ರಮ ಶುರು ಮಾಡಲು ಹೋಗಬೇಡಿ. ಶಾಲೆಯಲ್ಲಿ ಈಗಾಗಲೇ ಇರುವ ಸಂಘದ ಅಡಿಯಲ್ಲಿ ಬರುತ್ತದೆಯಾ ಅಂತ ಮೊದಲು ವಿಚಾರಿಸಿ. ಪೋಷಕರ ಒಪ್ಪಿಗೆ ಪತ್ರ ಮಾತ್ರ ಬೇಕೇ ಬೇಕು. ನಾನು ಮೊದಲು ಒಂದು ಪುಟ ತುಂಬ ಬರೆದು ಕಳಿಸಿದ್ದೆ. ವಾರವಾದರೂ 34ರಲ್ಲಿ 19 ಮಾತ್ರ ವಾಪಸ್ ಬಂದವು. ವಿಚಾರಿಸಿದರೆ, ಅಷ್ಟುದ್ದ ಕಾಗದ ನೋಡಿ ದುಡ್ಡು ಕೇಳುತ್ತಾರೆ ಅಂದುಕೊಂಡಿದ್ದರಂತೆ! ಆಮೇಲೆ ನಾಲ್ಕೇ ಸಾಲು ಬರೆದೆ. ಮೇಲೆ ದಪ್ಪಕ್ಷರದಲ್ಲಿ "ಹಣ ಕೊಡಬೇಕಾಗಿಲ್ಲ" ಅಂತ ಹಾಕಿದೆ. ಸೋಮವಾರದೊಳಗೆ ಮೂವರದ್ದು ಬಿಟ್ಟು ಎಲ್ಲ ಬಂದವು.

ಆ ಮೂವರ ಮನೆಗೆ ನಾನೇ ಹೋದೆ. ಒಬ್ಬಳ ಅಪ್ಪ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟು, ಏನು ಮಾಡಿಸುತ್ತೀರಿ ಅಂತ ಕೇಳಿದರು. ಹೇಳಿದೆ. "ಕಾಳು ಮೊಳಕೆ ಕಟ್ಟಾದ ಕಲಿಯಾಕೆ ಇಸ್ಕೂಲ್ಗೆ ಹೋಗ್ಬೇಕಾ ಮೇಡಂ? ನಮ್ಮವ್ವ ಮನೇಲೇ ಕಟ್ತಳೆ" ಅಂದರು. ಶನಿವಾರ ಮಧ್ಯಾಹ್ನ ಹಸು ಹೊಡೆದುಕೊಂಡು ಹೋಗುವುದು ಆ ಹುಡುಗಿಯ ಕೆಲಸ. ಅವರ ಕಷ್ಟ ನಿಜವಾದದ್ದು, ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. "ನಾಲ್ಕು ವಾರ ಕಳಿಸಿ, ಆಮೇಲೆ ನೀವೇ ಹೇಳಿ" ಅಂದೆ. ಹೆಬ್ಬೆಟ್ಟು ಒತ್ತಿ ಕೊಟ್ಟರು.

ಜುಲೈ ಕೊನೆಯ ಶನಿವಾರ ಮೊದಲ ತರಗತಿ. ಲೋಲಕದಿಂದ ಶುರು ಮಾಡಿದೆ. ಒಂದು ಮೀಟರ್ ದಾರ, ತುದಿಗೆ ಕಲ್ಲು. ಹತ್ತು ಸಲ ತೂಗಲು ಎಷ್ಟು ಹೊತ್ತು ಹಿಡಿಯುತ್ತದೆ? ಕಲ್ಲಿನ ತೂಕ ಹೆಚ್ಚಿಸಿದರೆ ಬದಲಾಗುತ್ತದಾ? ಸುಲಭ, ಖರ್ಚಿಲ್ಲ, ಚೆನ್ನಾಗಿ ಆಗುತ್ತದೆ ಅಂದುಕೊಂಡಿದ್ದೆ. ಏಳು ಗುಂಪು ಮಾಡಿದ್ದೆ. ಏಳೂ ಗುಂಪಿನವರು 20 ಸೆಕೆಂಡ್ ಅಂತ ಬರೆದಿದ್ದರು. ಒಂದು ಮೀಟರ್ ಲೋಲಕ ಒಂದು ಸಲ ಹೋಗಿ ಬರಲು ಸುಮಾರು ಎರಡು ಸೆಕೆಂಡ್ ಹಿಡಿಯುವುದು ನಿಜ. ಆದರೆ ನನ್ನ ಫೋನು ಬಿಟ್ಟರೆ ಅಲ್ಲಿದ್ದದ್ದು ಮೂರೇ ಕೈಗಡಿಯಾರ. ಎರಡು ಗುಂಪಿನವರು ಇನ್ನೂ ದಾರಕ್ಕೆ ಕಲ್ಲನ್ನೇ ಕಟ್ಟಿರಲಿಲ್ಲ.

"ಇದು ಹೇಗೆ ಬಂತು?" ಅಂತ ಕೇಳಿದೆ. ಒಬ್ಬ ಹುಡುಗ ಮುಜುಗರವಿಲ್ಲದೆ ಹೇಳಿದ: "ಅಷ್ಟೇ ಬರ್ಬೇಕಲ್ವಾ ಮಿಸ್?"

ಅವನು ಸುಳ್ಳು ಹೇಳುತ್ತಿದ್ದೇನೆ ಅಂತ ಅಂದುಕೊಂಡಿರಲಿಲ್ಲ. ಎಂಟು ವರ್ಷ ಶಾಲೆಯಲ್ಲಿ ಅವನಿಗೆ ಕಲಿಸಿದ್ದೇ ಅದು. ಉತ್ತರ ಮೊದಲೇ ಇರುತ್ತದೆ, ನಿನ್ನ ಕೆಲಸ ಅದನ್ನು ಮುಟ್ಟುವುದು. ಕಲಿಸಿದವರಲ್ಲಿ ನಾನೂ ಇದ್ದೇನೆ. ಆ ರಾತ್ರಿ ಕೂತು ಯೋಜನೆಯನ್ನೆಲ್ಲ ಬದಲಾಯಿಸಿದೆ. ಉತ್ತರ ನನಗೂ ಗೊತ್ತಿರದ ಪ್ರಶ್ನೆಗಳಿಂದಲೇ ಶುರು ಮಾಡಬೇಕು ಅಂತ ತೀರ್ಮಾನಿಸಿದೆ. ನೀವು ಶುರು ಮಾಡುವುದಾದರೂ ಪಠ್ಯಪುಸ್ತಕದಲ್ಲಿ ಉತ್ತರ ಇರುವ ಪ್ರಯೋಗದಿಂದ ಮಾಡಬೇಡಿ.

ಮುಂದಿನ ಶನಿವಾರ 30 ಸೆಂಟಿಮೀಟರಿನ ಸ್ಕೇಲುಗಳನ್ನು ತಂದೆ. ಒಬ್ಬರು ಸ್ಕೇಲನ್ನು ಮೇಲಿಂದ ಬಿಡುವುದು, ಇನ್ನೊಬ್ಬರು ಎರಡು ಬೆರಳಲ್ಲಿ ಹಿಡಿಯುವುದು. ಎಷ್ಟು ಸೆಂಟಿಮೀಟರ್ ಜಾರಿತು ಅಂತ ನೋಡಿದರೆ ಕೈ ಎಷ್ಟು ಬೇಗ ಎಚ್ಚೆತ್ತಿತು ಅಂತ ಗೊತ್ತಾಗುತ್ತದೆ. 20 ಸೆಂಟಿಮೀಟರ್ ಜಾರಿದರೆ ಸುಮಾರು 0.2 ಸೆಕೆಂಡ್. ಬಲಗೈ ಬೇಗವೋ ಎಡಗೈ ಬೇಗವೋ? ಇದಕ್ಕೆ ಯಾವ ಪುಸ್ತಕದಲ್ಲೂ ಅವರ ಉತ್ತರ ಇಲ್ಲ.

ಇಲ್ಲಿ ತರಗತಿಗೆ ಜೀವ ಬಂತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆಯಿಂದ ಮೂವತ್ತರವರೆಗೆ ಗುರುತು ಹಾಕಿದೆ. ಪ್ರತಿಯೊಬ್ಬರೂ ತಮ್ಮ ಅಂಕಿಯ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಬೇಕು. ಬಲಗೈಗೆ ಕೆಂಪು, ಎಡಗೈಗೆ ಹಸಿರು. ಹತ್ತು ನಿಮಿಷದಲ್ಲಿ ಗೋಡೆಯ ಮೇಲೆ ಬೊಟ್ಟುಗಳ ಗುಡ್ಡ ಎದ್ದಿತು. ಕೆಂಪು ಗುಡ್ಡ ಸ್ವಲ್ಪ ಎಡಕ್ಕಿತ್ತು, ಹಸಿರು ಸ್ವಲ್ಪ ಬಲಕ್ಕಿತ್ತು, ನಡುವೆ ಎರಡೂ ಬೆರೆತುಹೋಗಿದ್ದವು. ಸ್ತಂಭಾಲೇಖ ಬಿಡಿಸಿ ಅಂದರೆ ಮುಖ ಗಂಟಿಕ್ಕುವ ಮಕ್ಕಳು ಆ ಕ್ಯಾಲೆಂಡರಿನ ಮುಂದೆ ನಿಂತು ಜಗಳವಾಡಿದರು. ಬಲಗೈ ಬೇಗ ಅಂತ ಹೇಳಬಹುದಾ, ಇಷ್ಟೊಂದು ಬೆರೆತಿದೆಯಲ್ಲ ಅಂತ. ನನಗೆ ಬೇಕಾಗಿದ್ದದ್ದೇ ಆ ಜಗಳ.

ಒಬ್ಬಳ ಐದು ಅಂಕಿಗಳು ಹೀಗಿದ್ದವು: 18, 16, 21, 17, 29. ಸರಾಸರಿ 20.2. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಬರುವ ಅಂಕಿ, ಅಂದರೆ ಮಧ್ಯಾಂಕ, 18. "ಆ 29 ಬಂದಾಗ ಹೊರಗೆ ಬಸ್ಸಿನ ಹಾರ್ನ್ ಕೇಳಿ ತಿರುಗಿ ನೋಡಿದ್ದೆ, ತೆಗೆದುಬಿಡಿ ಮಿಸ್" ಅಂದಳು. ತೆಗೆಯಬಹುದಾ? ಅರ್ಧ ತರಗತಿ ಹೌದು ಅಂದಿತು. ಆಗ ಅವಳ ಪಕ್ಕದಲ್ಲಿದ್ದವಳು "ಹಂಗಾದ್ರೆ ನಿಂಗೆ 16 ಬಂದಾಗ ಏನಾದ್ರೂ ಆಗಿರ್ಬೋದು, ಅದನ್ಯಾಕ್ ತೆಗೀತಿಲ್ಲ?" ಅಂತ ಕೇಳಿದಳು. ನಾನು ಬೋರ್ಡಿನ ಹತ್ತಿರ ಸುಮ್ಮನೆ ನಿಂತಿದ್ದೆ. ಅವರೇ ಒಂದು ನಿಯಮ ಮಾಡಿಕೊಂಡರು. ಯಾವ ಅಂಕಿ ಬಿಡಬೇಕು ಅನ್ನುವುದನ್ನು ಸ್ಕೇಲು ಬಿಡುವ ಮೊದಲೇ ಬರೆದಿಡಬೇಕು. ಬಂದ ಮೇಲೆ ಬಿಡುವ ಹಾಗಿಲ್ಲ. ಸರಾಸರಿ, ಮಧ್ಯಾಂಕ ಎರಡೂ ಯಾಕೆ ಬೇಕು ಅನ್ನುವುದು ಆ ದಿನ ಅರ್ಥವಾದಷ್ಟು ನನ್ನ ಯಾವ ಪಾಠದಲ್ಲೂ ಆಗಿಲ್ಲ.

ಆಗಸ್ಟ್ ಕೊನೆಗೆ ಕಾಫಿ ಪರೀಕ್ಷೆ. ಇದನ್ನು ತಪ್ಪದೆ ಮಾಡಿಸಿ. ನಮ್ಮ ಬಿಸಿಯೂಟದ ಅಕ್ಕ ಒಬ್ಬರು "ಡಿಕಾಕ್ಷನ್ ಮೊದಲು ಹಾಕಿದ್ರಾ ಹಾಲು ಮೊದಲು ಹಾಕಿದ್ರಾ ಅಂತ ಕುಡಿದ್ರೇ ನಂಗೆ ಗೊತ್ತಾಯ್ತದೆ" ಅಂತ ಯಾವಾಗಲೂ ಹೇಳುತ್ತಾರೆ. ಇಂಥದ್ದೇ ಮಾತು 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲೂ ಬಂದಿತ್ತು. ಅಲ್ಲಿ ಚಹಾ. ಮ್ಯುರಿಯಲ್ ಬ್ರಿಸ್ಟಲ್ ಅನ್ನುವ ವಿಜ್ಞಾನಿ ಹಾಗೆ ಹೇಳಿದ್ದು, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನೇ ಉದಾಹರಣೆಯಾಗಿಟ್ಟು 1935ರಲ್ಲಿ ಪ್ರಯೋಗ ಹೂಡುವ ಕ್ರಮವನ್ನು ವಿವರಿಸಿದರು. ಎಂಟು ಲೋಟ. ನಾಲ್ಕು ಹೀಗೆ, ನಾಲ್ಕು ಹಾಗೆ. ಯಾವ ಕ್ರಮದಲ್ಲಿ ಕೊಡಬೇಕು ಅನ್ನುವುದು ಚೀಟಿ ಎತ್ತಿ. ಕುಡಿಯುವವರು ಹಾಲು ಮೊದಲು ಹಾಕಿದ ನಾಲ್ಕನ್ನು ಆರಿಸಬೇಕು. ಎಂಟರಲ್ಲಿ ನಾಲ್ಕನ್ನು 70 ರೀತಿಯಲ್ಲಿ ಆರಿಸಬಹುದು. ಅದರಲ್ಲಿ ಒಂದೇ ಪೂರ್ತಿ ಸರಿ.

ಒಂಬತ್ತನೇ ತರಗತಿಗೆ ಈ 70ರ ಲೆಕ್ಕ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಅಕ್ಕನನ್ನು ಕರೆಯುವ ಮೊದಲು ಮಕ್ಕಳಿಂದಲೇ ಕಣ್ಣುಮುಚ್ಚಿ ಊಹೆ ಮಾಡಿಸಿದೆ. ಎಂಟು ಚೀಟಿಯಲ್ಲಿ ನಾಲ್ಕಕ್ಕೆ ಹಾ ಅಂತ, ನಾಲ್ಕಕ್ಕೆ ಡಿ ಅಂತ ಬರೆದು ಮಡಚಿ, ನಾಲ್ಕು ಎತ್ತುವುದು. 34 ಮಕ್ಕಳು, ತಲಾ ಮೂರು ಸಲ, ಒಟ್ಟು 102 ಊಹೆ. ನಾಲ್ಕಕ್ಕೆ ನಾಲ್ಕೂ ಸರಿ ಬಂದದ್ದು 2 ಸಲ. ಮೂರು ಸರಿ 21 ಸಲ. ಎರಡು ಸರಿ 55, ಒಂದು ಸರಿ 23, ಒಂದೂ ಇಲ್ಲ 1 ಸಲ. ಇದನ್ನೂ ಬೊಟ್ಟಿನಲ್ಲೇ ಅಂಟಿಸಿದೆವು.

ಆಮೇಲೆ ಅಕ್ಕ ಬಂದರು. ಸೆರಗು ಸರಿ ಮಾಡಿಕೊಂಡು ಕೂತರು. ಒಂದೊಂದು ಲೋಟವನ್ನೂ ನಿಧಾನವಾಗಿ ಕುಡಿದು ಹೇಳಿದರು. ತರಗತಿಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ನಾಲ್ಕರಲ್ಲಿ ಮೂರು ಸರಿ! ಮಕ್ಕಳು ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತ ಮೇಲೆ ನಾನು ಕ್ಯಾಲೆಂಡರ್ ತೋರಿಸಿದೆ. ಕಣ್ಣುಮುಚ್ಚಿ ಎತ್ತಿದವರಲ್ಲೇ 102ಕ್ಕೆ 23 ಸಲ ಮೂರು ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದಿದೆ. ಹಾಗಾದರೆ ಅಕ್ಕನಿಗೆ ಗೊತ್ತಾಗುತ್ತದೆ ಅಂತ ಹೇಳಬಹುದಾ? ತುಂಬ ಹೊತ್ತು ಯಾರೂ ಮಾತಾಡಲಿಲ್ಲ. "ಗೊತ್ತಾಗಲ್ಲ ಅಂತಾನೂ ಹೇಳಕ್ಕಾಗಲ್ಲ ಮಿಸ್" ಅಂದ ಹಿಂದಿನ ಬೆಂಚಿನ ಹುಡುಗ. ಅವನು ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ. ಅಕ್ಕ "ಇನ್ನೊಂದ್ ಸಲ ಇಡಿ, ಹೇಳ್ತೀನಿ" ಅಂದರು. ಸರಿಯಾದ ಮಾತು ಅದೇ.

ಒಂದು ಎಚ್ಚರಿಕೆ. ನಾವು ಹಾಲು ಮೊದಲು ಹಾಕಿದ ಲೋಟಗಳನ್ನೆಲ್ಲ ಮೊದಲು ತಯಾರು ಮಾಡಿಬಿಟ್ಟಿದ್ದೆವು, ಅವು ಸ್ವಲ್ಪ ಆರಿದ್ದವು. ಒಬ್ಬ ಹುಡುಗಿ ಸ್ಟೀಲ್ ಲೋಟ ಮುಟ್ಟಿ ನೋಡಿ ಅದನ್ನು ಪತ್ತೆ ಹಚ್ಚಿದಳು. ಅಕ್ಕನಿಗೆ ರುಚಿ ಗೊತ್ತಾಗಿದ್ದೋ ಬಿಸಿ ಗೊತ್ತಾಗಿದ್ದೋ ಹೇಗೆ ಹೇಳುವುದು? ನೀವು ಮಾಡುವಾಗ ಎರಡು ಥರದ ಲೋಟಗಳನ್ನೂ ಒಟ್ಟಿಗೇ ತಯಾರಿಸಿ.

ಈಗ ಕಾಳಿನ ಕಥೆಗೆ ಬರುತ್ತೇನೆ. ನನ್ನ ಹೆಚ್ಚಿನ ಸಮಯ, ನಿದ್ದೆ ಎರಡನ್ನೂ ತಿಂದದ್ದು ಇದೇ.

ಪ್ರಶ್ನೆ ಮಕ್ಕಳದ್ದೇ ಇರಬೇಕು ಅಂತ ಹಟ ಹಿಡಿದಿದ್ದೆ. ಹಸು ಹೊಡೆದುಕೊಂಡು ಹೋಗುವ ಹುಡುಗಿ ಹೇಳಿದಳು: "ಮಿಸ್, ನಮ್ ಗದ್ದೇಲಿ ಒಂದ್ ಮೂಲೇಲಿ ಚೌಳು ಬಂದದೆ. ಅಲ್ಲಿ ಏನ್ ಹಾಕಿದ್ರೂ ಸರ್ಯಾಗಿ ಹುಟ್ಟಾಕಿಲ್ಲ." ನಾಲೆ ನೀರಿನ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಷ್ಟ. ನೀರು ನಿಂತು ನಿಂತು ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ನೀರಲ್ಲಿ ಉಪ್ಪು ಎಷ್ಟಿದ್ದರೆ ಮೊಳಕೆಗೆ ತೊಂದರೆ? ಇದೇ ನಮ್ಮ ಪ್ರಶ್ನೆಯಾಯಿತು. ಚೌಳಿನಲ್ಲಿ ಇರುವುದು ಬರೀ ಅಡುಗೆ ಉಪ್ಪಲ್ಲ, ಸೋಡಿಯಂ ಕಾರ್ಬೊನೇಟ್‌ನಂಥ ಬೇರೆ ಲವಣಗಳೂ ಇರುತ್ತವೆ, ಮಣ್ಣು ಗಟ್ಟಿಯಾಗುವುದೂ ಒಂದು ಕಾರಣ. ಅದನ್ನು ಮಕ್ಕಳಿಗೆ ಮೊದಲೇ ಹೇಳಿದೆ. ನಾವು ನೋಡುತ್ತಿರುವುದು ಅಡುಗೆ ಉಪ್ಪಿನ ಪರಿಣಾಮ ಮಾತ್ರ ಅಂತ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆಸಿದೆ.

ಸಣ್ಣ ತೂಕ ಅಳೆಯುವುದೇ ಕಷ್ಟವಾಯಿತು. ಶಾಲೆಯ ತಕ್ಕಡಿಯಲ್ಲಿ ಎರಡು ಗ್ರಾಂ ತೂಗಲು ಆಗಲಿಲ್ಲ. 380 ರೂಪಾಯಿ ಕೊಟ್ಟು ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ ತಂದೆ. ಅದೂ ಸಣ್ಣ ತೂಕಕ್ಕೆ ನಂಬುವ ಹಾಗಿಲ್ಲ. ಕೊನೆಗೆ 20 ಗ್ರಾಂ ಉಪ್ಪನ್ನು ನೀರಲ್ಲಿ ಕರಗಿಸಿ ಎರಡು ಲೀಟರ್ ಮಾಡಿಕೊಂಡೆವು. ಅಂದರೆ ಲೀಟರಿಗೆ 10 ಗ್ರಾಂ. ಅದರಲ್ಲಿ ಒಂದು ಲೀಟರಿಗೆ ಅಷ್ಟೇ ನೀರು ಸೇರಿಸಿದರೆ 5. ಅದರಲ್ಲಿ ಮತ್ತೆ ಒಂದು ಲೀಟರಿಗೆ ಅಷ್ಟೇ ನೀರು ಸೇರಿಸಿದರೆ 2.5. ಇನ್ನೊಂದು ಬರೀ ನೀರು. ನಾಲ್ಕು ಥರದ ನೀರು, ಒಂದೊಂದಕ್ಕೂ ಮೂರು ಮೊಸರಿನ ಡಬ್ಬಿ, ಡಬ್ಬಿಗೆ 20 ಹೆಸರುಕಾಳು. ಒಟ್ಟು 240. ಡಬ್ಬಿಯ ತಳಕ್ಕೆ ಹತ್ತಿ, ಅಳತೆ ಮಾಡಿದ ನೀರು.

ಮೊದಲ ಸಲ ಶನಿವಾರ ಮಧ್ಯಾಹ್ನ ಹೂಡಿದೆವು. ಭಾನುವಾರ ಶಾಲೆಗೆ ಬೀಗ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹತ್ತಿ ಒಣಗಿ ಗರಿಗರಿಯಾಗಿತ್ತು. ಐದು ಡಬ್ಬಿಗಳಿಗೆ ಇರುವೆ ಮುತ್ತಿತ್ತು, ಕಾಳು ಕಡಿದು ಹಾಕಿದ್ದವು. ಮಕ್ಕಳು ಮಾತಾಡದೆ ನೋಡುತ್ತಾ ನಿಂತರು. ನನಗೂ ಕಣ್ಣು ತುಂಬಿ ಬಂತು. ಆದರೆ ಅದರಿಂದ ಎರಡು ವಿಷಯ ಗೊತ್ತಾಯಿತು. ಸೋಮವಾರ ಪ್ರಾರ್ಥನೆಗೆ ಮೊದಲು ಹೂಡಿ, ಬುಧವಾರ ಅದೇ ಹೊತ್ತಿಗೆ ಎಣಿಸಿ. ಹೆಸರುಕಾಳಿಗೆ 48 ಗಂಟೆ ಸಾಕು. ಇನ್ನೊಂದು, ಮನೆಯಲ್ಲಿ ಬೆಲ್ಲದ ಡಬ್ಬಿಗೆ ಮಾಡುವ ಹಾಗೆ, ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ನಡುವೆ ಡಬ್ಬಿ ಇಡಿ.

ಎರಡನೇ ಸಲ ಹಾಗೇ ಮಾಡಿದೆವು. ನಾಲ್ಕು ಗುಂಪು, ಗುಂಪಿಗೊಂದು ಥರದ ನೀರು. ಬುಧವಾರ ಎಣಿಕೆ. 2.5ರ ಗುಂಪು 17, 18, 16 ಅಂತ ಬರೆಯಿತು. 5ರವರು 16, 14, 15. 10ರವರು 5, 4, 7. ಬರೀ ನೀರಿನ ಗುಂಪು 19, 19, 19 ಅಂತ ಬರೆಯಿತು.

ಮೂರು ಡಬ್ಬಿಗೂ ಒಂದೇ ಅಂಕಿ. ನನಗೆ ಯಾಕೋ ಅನುಮಾನ ಬಂತು. ಊಟದ ಬಿಡುವಿನಲ್ಲಿ ಒಬ್ಬಳೇ ಹೋಗಿ ಎಣಿಸಿದೆ. 13, 12, 14.

ಆ ಮಧ್ಯಾಹ್ನ ಏನು ಮಾಡಲಿ ಅಂತ ತಿಳಿಯಲಿಲ್ಲ. ಬೈದರೆ ಮುಂದೆ ಇನ್ನೂ ಹುಷಾರಾಗಿ ಬದಲಾಯಿಸುತ್ತಾರೆ. ಬೈಯದೆ ಬಿಟ್ಟರೆ ಇಷ್ಟು ದಿನ ಮಾಡಿದ್ದಕ್ಕೆ ಅರ್ಥವಿಲ್ಲ. ಸಂಜೆ ಆ ಗುಂಪನ್ನು ಮಾತ್ರ ಕೂರಿಸಿಕೊಂಡು, ಡಬ್ಬಿ ಮುಂದಿಟ್ಟು, ಒಟ್ಟಿಗೆ ಎಣಿಸೋಣ ಅಂದೆ. ಎಣಿಸಿದರು. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಒಬ್ಬ ಹೇಳಿದ: "ಬರೀ ನೀರಿಂದು ಉಪ್ಪಿನ ನೀರಿಗಿಂತ ಕಮ್ಮಿ ಬಂತು ಮಿಸ್. ನಾವೇ ಏನೋ ತಪ್ಪು ಮಾಡಿದೀವಿ ಅಂತ ಮಾರ್ಕ್ಸ್ ಕೊಡಲ್ಲ ಅನ್ಕೊಂಡ್ವಿ."

ನಿಜವಾಗಿ ತಪ್ಪು ಮಾಡಿದ್ದು ನಾನು. ಡಬ್ಬಿಗಳನ್ನು ಸಾಲಾಗಿ ಜೋಡಿಸುವಾಗ ಬರೀ ನೀರಿನ ಮೂರನ್ನೂ ಕಿಟಕಿಯ ಪಕ್ಕ ಇಟ್ಟಿದ್ದೆ. ಅಲ್ಲಿ ಬಿಸಿಲು ಬೀಳುತ್ತದೆ, ಬೇಗ ಒಣಗಿವೆ. ಅವರು 13, 12, 14 ಅಂತಲೇ ಬರೆದಿದ್ದರೆ ಕಿಟಕಿಯ ವಿಷಯ ಅಲ್ಲೇ ಗೊತ್ತಾಗುತ್ತಿತ್ತು. ಇದನ್ನು ಇಡೀ ತರಗತಿಗೆ ಹೇಳಿದೆ. ಗುಂಪಿನ ಹೆಸರು ಹೇಳಲಿಲ್ಲ, ಕಿಟಕಿಯ ತಪ್ಪು ನನ್ನದು ಅಂತ ಹೇಳಿದೆ. ಅವತ್ತೇ ಮೂರು ಮಾತು ಕೊಟ್ಟೆ. ಅಂಕ ನೋಟ್‌ಬುಕ್ಕಿಗೆ, ಫಲಿತಾಂಶಕ್ಕಲ್ಲ. ಪೆನ್ನಿನಲ್ಲೇ ಬರೆಯಬೇಕು, ರಬ್ಬರ್ ಇಲ್ಲ. ವಿಚಿತ್ರ ಅಂಕಿ ಬಂದರೆ ಅದರ ಸುತ್ತ ಗೆರೆ ಹಾಕಿ, ಪಕ್ಕದಲ್ಲಿ ಏನಾಗಿರಬಹುದು ಅಂತ ಬರೆದರೆ ಹೆಚ್ಚಿನ ಎರಡು ಅಂಕ. ಈ ಮೂರನ್ನು ಮೊದಲ ದಿನವೇ ಹೇಳಬೇಕಿತ್ತು. ನೀವು ಹೇಳಿಬಿಡಿ.

ಅಷ್ಟರಲ್ಲಿ ಪರೀಕ್ಷೆ, ಆಮೇಲೆ ದಸರಾ ರಜೆ. ಮೂರನೇ ಸಲ ಹೂಡುವಷ್ಟರಲ್ಲಿ ಅಕ್ಟೋಬರ್ ಕೊನೆ. ಮಕ್ಕಳು ಮರೆತಿರುತ್ತಾರೆ ಅಂದುಕೊಂಡಿದ್ದೆ. ಮರೆತಿರಲಿಲ್ಲ. ಈ ಸಲ ಡಬ್ಬಿಯ ಮೇಲೆ ಒಂದರಿಂದ ಹನ್ನೆರಡು ಅಂತ ನಂಬರ್ ಮಾತ್ರ. ಯಾವ ನಂಬರಿಗೆ ಯಾವ ನೀರು ಅನ್ನುವ ಕಾಗದ ಕನ್ನಡ ಮೇಷ್ಟ್ರ ಜೇಬಿನಲ್ಲಿ. ಯಾವ ಡಬ್ಬಿ ಎಲ್ಲಿ ಇಡಬೇಕು ಅನ್ನುವುದು ಚೀಟಿ ಎತ್ತಿ. ಎಣಿಸುವವರಿಗೆ ತಾವು ಎಣಿಸುತ್ತಿರುವುದು ಯಾವುದು ಅಂತ ಗೊತ್ತಿಲ್ಲ. ಮೊಳಕೆ ಅಂದರೆ ಏನು ಅಂತಲೂ ಮೊದಲೇ ತೀರ್ಮಾನ: ಬಿಳಿ ಬೇರು ಎರಡು ಮಿಲಿಮೀಟರ್ ಹೊರಬಂದಿರಬೇಕು. ಹಿಂದಿನ ಸಲ ಇದರ ಬಗ್ಗೆ ದೊಡ್ಡ ಗಲಾಟೆಯೇ ಆಗಿತ್ತು. ಕಾಳನ್ನೂ ಬದಲಾಯಿಸಿದೆ. ಹಿಂದಿನದು ಹಳೆಯ ದಾಸ್ತಾನು ಇರಬಹುದು ಅನ್ನಿಸಿ, ಹೊಸದಾಗಿ ಬಂದ ಕಾಳು ಕೇಳಿ ತಂದು, ಮನೆಯಲ್ಲಿ ಬರೀ ನೀರಲ್ಲಿ ನೆನೆಸಿ ನೋಡಿಕೊಂಡೆ. ಇಪ್ಪತ್ತರಲ್ಲಿ ಹತ್ತೊಂಬತ್ತು ಮೊಳೆತವು.

ಬುಧವಾರ ಎಣಿಕೆ ಮುಗಿದ ಮೇಲೆ ಮೇಷ್ಟ್ರು ಕಾಗದ ಬಿಚ್ಚಿ ಓದಿದರು. ಬರೀ ನೀರು: 19, 18, 19. ಲೀಟರಿಗೆ 2.5 ಗ್ರಾಂ: 18, 19, 17. 5 ಗ್ರಾಂ: 15, 17, 12. 10 ಗ್ರಾಂ: 6, 3, 8. ಅರವತ್ತಕ್ಕೆ 56, 54, 44, 17.

56ಕ್ಕಿಂತ 54 ಕಡಿಮೆ, ಹಾಗಾಗಿ ಎರಡೂವರೆ ಗ್ರಾಂ ಉಪ್ಪೂ ತೊಂದರೆ ಮಾಡಿತು ಅಂತ ಬರೆಯಬಹುದಾ? ಇಲ್ಲಿ ಕಾಫಿಯ ಚೀಟಿ ಮತ್ತೆ ಬಂತು. ಬರೀ ನೀರಿನ ಮೂರು, 2.5ರ ಮೂರು, ಒಟ್ಟು ಆರು ಅಂಕಿಗಳನ್ನು ಆರು ಚೀಟಿಯಲ್ಲಿ ಬರೆಯಿರಿ. ಅದರಿಂದ ಮೂರನ್ನು ಎಷ್ಟು ರೀತಿಯಲ್ಲಿ ಎತ್ತಬಹುದು? ಇಪ್ಪತ್ತು. ಇಪ್ಪತ್ತನ್ನೂ ಮಕ್ಕಳು ಬರೆದು ತೆಗೆದರು, ಅರ್ಧ ಗಂಟೆ ಹಿಡಿಯಿತು. ಮೊತ್ತ 56 ಅಥವಾ ಅದಕ್ಕಿಂತ ಜಾಸ್ತಿ ಬರುವುದು ಏಳು ಸಲ. ಅಂದರೆ ಸುಮ್ನೆ ಎತ್ತಿದರೂ ಇಂಥ ವ್ಯತ್ಯಾಸ ಬಂದೇ ಬರುತ್ತದೆ. ಅದೇ 5 ಗ್ರಾಮಿನ ಜೊತೆ ಮಾಡಿದಾಗ ಇಪ್ಪತ್ತರಲ್ಲಿ ಒಂದೇ ಸಲ, ಅಂದರೆ ಸುಮ್ನೆ ಎತ್ತಿದರೆ ಅಷ್ಟು ವ್ಯತ್ಯಾಸ ಬರುವುದು ಅಪರೂಪ. ದೊಡ್ಡ ಸೂತ್ರ, ಕಂಪ್ಯೂಟರ್ ಯಾವುದೂ ಬೇಕಾಗಲಿಲ್ಲ. ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳು ಆ ವಾರ ಕೆಟ್ಟು ನಿಂತಿದ್ದವು, ಅದರಿಂದ ನಷ್ಟ ಆಗಲಿಲ್ಲ.

ನವೆಂಬರ್‌ನಲ್ಲಿ ಒಂದು ದಿನ ಮಕ್ಕಳನ್ನು ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮಂಡ್ಯದ ಪಕ್ಕದಲ್ಲೇ ಇದ್ದರೂ ಮಕ್ಕಳಲ್ಲಿ ಹೆಚ್ಚಿನವರು ನೋಡಿರಲಿಲ್ಲ. ಟೆಂಪೊಗೆ 2,400 ರೂಪಾಯಿ. ಮೊದಲೇ ಮನವಿ ಪತ್ರ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ, ಮಕ್ಕಳ ಪಟ್ಟಿ ಜೊತೆಯಲ್ಲಿರಲಿ. ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ತಳಿ ಬೆರಕೆ ಮಾಡಿ ಇಂದಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ಕೆಲಸ ಮಾಡಿದ ಜಾಗ ಇದು. ಮುದ್ದೆ ತಿಂದು ಬೆಳೆದ ಮಕ್ಕಳಿಗೆ ಅದನ್ನು ಅಲ್ಲೇ ನಿಂತು ಹೇಳುವಾಗ ನನ್ನ ಗಂಟಲು ಕಟ್ಟಿತು. ಒಂದೇ ತಳಿಯನ್ನು ಬೇರೆ ಬೇರೆ ಮಡಿಗಳಲ್ಲಿ ಮತ್ತೆ ಮತ್ತೆ ಹಾಕಿದ್ದು ಕಂಡು ಹುಡುಗನೊಬ್ಬ "ಇವ್ರೂ ಚೀಟಿ ಎತ್ತವ್ರೆ ಮಿಸ್" ಅಂದ. ನಾಲೆಯ ಕಡೆಯ ಮಡಿಗೂ ದೂರದ ಮಡಿಗೂ ತೇವ ಒಂದೇ ಇರುವುದಿಲ್ಲ. ನಮ್ಮ ಕಿಟಕಿಯ ಹಾಗೆ.

ಖರ್ಚಿನ ಲೆಕ್ಕ ಕೇಳುವವರಿಗೆ: ತೂಕದ ಯಂತ್ರ 380, ಎರಡು ಸಲ ತಂದ ಕಾಳು 210, ಸ್ಕೇಲು 120, ಬೊಟ್ಟು 40, ಕಾಫಿ ಪುಡಿ ಹಾಲು ಸಕ್ಕರೆ 160, ಹತ್ತಿ 150, ನೋಟ್‌ಬುಕ್ 680. ಎಂಟು ಶನಿವಾರ ಬಿಸ್ಕತ್ತಿಗೆ 720. ಹಸಿದ ಮಕ್ಕಳಿಗೆ ಪಾಠ ಹತ್ತುವುದಿಲ್ಲ, ಇದನ್ನು ಉಳಿಸಲು ಹೋಗಬೇಡಿ. ಟೆಂಪೊ ಸೇರಿ 4,860. ಇದರಲ್ಲಿ ವಿಜ್ಞಾನ ಸಂಘದಿಂದ ವಾಪಸ್ ಬಂದದ್ದು ತೂಕದ ಯಂತ್ರ ಮತ್ತು ನೋಟ್‌ಬುಕ್ಕಿನ 1,060 ಮಾತ್ರ. ಉಳಿದವಕ್ಕೆ ಬರೀ ಚೀಟಿ ಇತ್ತು, ಶಾಲೆಯ ಹೆಸರಿನ ಬಿಲ್ ಇರಲಿಲ್ಲ. ಎಷ್ಟೇ ಸಣ್ಣ ಮೊತ್ತವಾದರೂ ಅಂಗಡಿಯಲ್ಲೇ ಬಿಲ್ ಬರೆಸಿಕೊಳ್ಳಿ.

ಕೊನೆಯ ಶನಿವಾರ ಪೋಷಕರನ್ನು ಕರೆದಿದ್ದೆವು. ಹನ್ನೊಂದು ಜನ ಬಂದರು. ಅಪ್ಪ ಹೆಬ್ಬೆಟ್ಟು ಒತ್ತಿದ ಆ ಹುಡುಗಿ ಗೋಡೆಯ ಮೇಲಿನ ಬೊಟ್ಟುಗಳನ್ನು ತೋರಿಸಿ ಮಾತಾಡಿದಳು. ಐದನೇ ಡಬ್ಬಿಯ 12ರ ಸುತ್ತ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದ್ದಳು, ಪಕ್ಕದಲ್ಲಿ "ಹತ್ತಿ ಒಂದು ಕಡೆ ಎದ್ದಿತ್ತು, ನಾಲ್ಕು ಕಾಳು ನೀರಿಗೆ ತಾಕಿಲ್ಲ, ಇರಬಹುದು" ಅಂತ ಬರೆದಿದ್ದಳು. ಅದನ್ನೂ ಓದಿ ಹೇಳಿದಳು. ಅವಳ ಅಪ್ಪ ಹಿಂದೆ ನಿಂತು ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಮುಂದೆ ಬಂದು, ಹೆಗಲ ಮೇಲಿನ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಮಣ್ಣಿತ್ತು.

"ಚೌಳು ಮೂಲೇದು ಮೇಡಂ. ಇದ್ರಲ್ಲೂ ಹಾಕಿ ನೋಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿದಳು: "ಒಂದೇ ಜಾಗದ್ದು ಸಾಕಾಗಾಕಿಲ್ಲ ಕಣಪ್ಪ." ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿ ಗದ್ದೆಯ ಆಕಾರ ಬರೆದಳು. ಅಡ್ಡ, ಉದ್ದ ಗೆರೆ ಎಳೆದು ಇಪ್ಪತ್ತು ಚೌಕ ಮಾಡಿದಳು. ಚೀಟಿ ಹರಿದು ನಂಬರ್ ಬರೆದು ಮಡಚಿ, ಎರಡೂ ಕೈಯಲ್ಲಿ ಅಲ್ಲಾಡಿಸಿ ಅಪ್ಪನ ಮುಂದೆ ಹಿಡಿದಳು. ಅವರು ಒಂದೊಂದಾಗಿ ಆರು ಎತ್ತಿದರು.